ಕ್ಯಾಮೆರಾ ಬಿಟ್ಟು ಮೊಣಕೈ ಹಿಡಿದ ದಿನ

ಮದುವೆ ಮನೆಯಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು ಅಂತ ನನ್ನನ್ನು ಕೇಳಿ, ಹೇಳುತ್ತೇನೆ. ಗಂಡಿನ ಅಪ್ಪ ಅಲ್ಲ, ಹೆಣ್ಣಿನ ಸೋದರಮಾವ ಅಲ್ಲ, ಪುರೋಹಿತರೂ ಅಲ್ಲ. ಫೋಟೋ ತೆಗೆಯುವವರು! ಕುದೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಸ್ಟುಡಿಯೋ ಇಟ್ಟುಕೊಂಡು ವರ್ಷಗಟ್ಟಲೆ ಮದುವೆ ಫೋಟೋ ತೆಗೆದವಳು ನಾನು, ಈ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. ನಾನು ಸ್ವಲ್ಪ ಈ ಕಡೆ ಅಂದರೆ ಊರಿಗೇ ಜೋರು ಮಾಡುವ ಗೌಡರೂ ಈ ಕಡೆ ಸರಿಯುತ್ತಾರೆ. ಕೈ ಹಾಗೇ ಇರಲಿ ಅಂದರೆ ಅಕ್ಷತೆ ಹಿಡಿದ ಕೈಗಳು ಗಾಳಿಯಲ್ಲೇ ನಿಲ್ಲುತ್ತವೆ. ಒಮ್ಮೆ ತಿಪ್ಪಸಂದ್ರದ ಮದುವೆಯೊಂದರಲ್ಲಿ ಪುರೋಹಿತರು ಮಂತ್ರವನ್ನು ಅರ್ಧಕ್ಕೇ ನಿಲ್ಲಿಸಿ, ನಾನು ತಲೆಯಾಡಿಸಿದ ಮೇಲೆಯೇ ಮಿಕ್ಕದ್ದನ್ನು ಹೇಳಿದರು. ಫೋಟೋದಲ್ಲಿ ಬರದಿದ್ದರೆ ಆ ಶಾಸ್ತ್ರ ನಡೆದೇ ಇಲ್ಲ ಅನ್ನುವಷ್ಟು ನಂಬಿಕೆ ನಮ್ಮ ಜನಕ್ಕೆ.

ಇಷ್ಟು ಅಧಿಕಾರ ಇಟ್ಟುಕೊಂಡು ನಾನು ಅಷ್ಟು ವರ್ಷ ಮಾಡಿದ್ದೇನು? ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಫೋಟೋ ಚೆಂದ ಬರಲಿ ಅಂತ ಜನರನ್ನು ಆಡಿಸಿದ್ದು. ಮೊದಲೇ ಕೋಪ ಮೂಗಿನ ತುದಿಯಲ್ಲಿರುವ ಹೆಂಗಸು ನಾನು. ನಗದ ಮದುಮಗನನ್ನು ಬೈದು ನಗಿಸಿದ್ದೇನೆ. ಸೀರೆಯ ಬಣ್ಣ ಹೊಂದುವುದಿಲ್ಲ ಅಂತ ಸೋದರತ್ತೆಯೊಬ್ಬರನ್ನು ಹಿಂದಿನ ಸಾಲಿಗೆ ಕಳಿಸಿದ್ದೇನೆ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಹಿರಿಯರೊಬ್ಬರ ಫೋಟೋ ತೆಗೆಯಲು ಹೋಗಿ, ಕಿಟಕಿಯ ಬೆಳಕು ಓರೆಯಾಗಿ ಬೀಳುವವರೆಗೆ ಅವರನ್ನು ಊಟಕ್ಕೂ ಏಳಗೊಡದೆ ಕೂರಿಸಿದ್ದೆ. ಆ ಫೋಟೋಗೆ ರಾಮನಗರದ ಸ್ಪರ್ಧೆಯೊಂದರಲ್ಲಿ ಬಹುಮಾನ ಬಂತು. ಫ್ರೇಮ್ ಹಾಕಿಸಿ ಸ್ಟುಡಿಯೋದ ಬಾಗಿಲಿಗೆ ಎದುರಾಗಿ ನೇತುಹಾಕಿಕೊಂಡೆ. ಅವರಿಗೂ ಒಂದು ಪ್ರಿಂಟ್ ಕೊಡಬೇಕು ಅನ್ನುವುದು ಮಾತ್ರ ನನ್ನ ತಲೆಗೆ ಹೊಳೆಯಲೇ ಇಲ್ಲ.

ಇದೆಲ್ಲ ಬದಲಾದದ್ದು ಗುಡೇಮಾರನಹಳ್ಳಿಯವರ ಒಂದು ಮದುವೆಯಲ್ಲಿ. 

ಮದುವೆಗೆ ಗೊತ್ತು ಮಾಡಲು ಆ ಮನೆಯವರು ಸ್ಟುಡಿಯೋಗೆ ಬಂದಿದ್ದರು. ಬಿಳಿ ಪಂಚೆ ಉಟ್ಟ ಗಂಭೀರ ಹಿರಿಯರೊಬ್ಬರು, ಅವರ ಹೆಂಡತಿ, ಜೊತೆಗೆ ಮದುಮಗಳು. ಹುಡುಗಿ ಕುದೂರಿನ ಶಾಲೆಯೊಂದರಲ್ಲಿ ಟೀಚರು, ಮಾತು ಚುರುಕು. ಗಂಡು ಕನಕಪುರದ ಕಡೆಯವನು. ಇನ್ನೊಬ್ಬ ಹೆಂಗಸು ಒಳಗೆ ಬಾರದೆ ಹೊರಗಿನ ಮೆಟ್ಟಿಲ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದರು. ಯಾರೋ ನೆಂಟರು ಇರಬೇಕು ಅಂದುಕೊಂಡು ನಾನು ಸುಮ್ಮನಾದೆ. ಹಿರಿಯರು ಮುಹೂರ್ತದ ವಿಷಯ ಹೇಳಿ ಹೆಂಡತಿಯೊಂದಿಗೆ ಹೊರಗೆ ಹೋದ ಮೇಲೆ ಹುಡುಗಿ ಹಿಂದೆ ಉಳಿದುಕೊಂಡಳು.

"ಅಕ್ಕಾ, ನಮ್ಮಮ್ಮ ಧಾರೆ ಎರೆಯೋದೊಂದು ಫೋಟೋ ಬೇಕು. ಮಿಕ್ಕಿದ್ದೆಲ್ಲ ಹಾಳಾದ್ರೂ ಹೋಗ್ಲಿ, ಅದೊಂದು ಬೇಕೇ ಬೇಕು," ಅಂದಳು.

ಅದೇನು ಮಹಾ ಕೆಲಸ! ಹೆಣ್ಣಿನ ತಾಯಿ ಧಾರೆ ಎರೆಯದ ಮದುವೆ ಎಲ್ಲಿರುತ್ತದೆ? ಒಂದಲ್ಲ ಹತ್ತು ತೆಗೆಯುತ್ತೇನೆ ಹೋಗು ಅಂತ ಧಾರಾಳವಾಗಿ ಮಾತು ಕೊಟ್ಟುಬಿಟ್ಟೆ. ಅವಳು ಬಾಗಿಲಾಚೆಯ ಮೆಟ್ಟಿಲ ಕಡೆ ಒಮ್ಮೆ ತಿರುಗಿ ನೋಡಿ ಹೋದಳು.

ಮದುವೆಯ ಹಿಂದಿನ ದಿನ ಅರಿಸಿನದ ಶಾಸ್ತ್ರ. ಬೆಳಗ್ಗೆಯೇ ಅವರ ಊರಿಗೆ ಹೋದೆ. ಹಸಿರು ಚಪ್ಪರ, ಹೆಂಗಸರ ಗದ್ದಲ, ಹುಡುಗಿಯ ಕೆನ್ನೆಗೆ ಅರಿಸಿನ ಹಚ್ಚಲು ಒಬ್ಬರ ಮೇಲೊಬ್ಬರು. ನಾನು ಆ ಪಂಚೆಯವರ ಹೆಂಡತಿಯನ್ನೇ ಮುಂದೆ ಕರೆದು, ಬನ್ನಿ ಅಮ್ಮ, ಮೊದಲು ತಾಯಿಯದು ಆಗಲಿ ಅಂದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಕೆ ಮೆಲ್ಲಗೆ, ನಾನು ದೊಡ್ಡಮ್ಮ ಕಣಮ್ಮ ಅಂದರು. ಮದುಮಗಳು ಕೊಟ್ಟಿಗೆಯ ಕಡೆ ಕಣ್ಣಲ್ಲೇ ಸನ್ನೆ ಮಾಡಿದಳು. ಅಲ್ಲಿ ಆ ದಿನ ಮೆಟ್ಟಿಲ ಮೇಲೆ ಕೂತಿದ್ದ ಹೆಂಗಸು ಹಸುವಿನ ಕೆಚ್ಚಲು ತೊಳೆಯುತ್ತಿದ್ದರು. ಬರಿದಾದ ಹಣೆ, ಬಳೆಯಿಲ್ಲದ ಕೈ. ಎಂಥ ದಡ್ಡಿ ನಾನು, ಇಷ್ಟು ವರ್ಷ ಮುಖಗಳನ್ನೇ ನೋಡಿ ಬದುಕಿದವಳಿಗೆ ಆ ತಾಯಿ ಮಗಳ ಮೂಗು ಒಂದೇ ತರಹ ಇರುವುದು ಕಾಣಲಿಲ್ಲವಲ್ಲ!

ಹುಡುಗಿ ಐದನೇ ಕ್ಲಾಸಿನಲ್ಲಿದ್ದಾಗಲೇ ಅಪ್ಪ ತೀರಿಹೋಗಿದ್ದರಂತೆ. ಎರಡು ಹಸು ಕಟ್ಟಿಕೊಂಡು, ರಾಗಿ ಹೊಲ ನೋಡಿಕೊಂಡು ಈಯಮ್ಮ ಮಗಳನ್ನು ಓದಿಸಿದ್ದರು. ಮನೆಯವರು ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ನಾನು ಆ ಪಂಚೆಯವರ, ಅಂದರೆ ಹುಡುಗಿಯ ದೊಡ್ಡಪ್ಪನ ಹತ್ತಿರ ಹೋಗಿ ನೇರವಾಗಿ ಕೇಳಿಯೇಬಿಟ್ಟೆ, ತಾಯಿ ಯಾಕೆ ಧಾರೆ ಎರೆಯಬಾರದು ಅಂತ. ಅವರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, "ನಾವ್ ಬ್ಯಾಡ ಅಂದಿಲ್ಲ ಕಣಮ್ಮ, ಅವ್ಳೇ ಬರಾಕಿಲ್ಲ. ನಾವಾಗಿ ಕರೆದು ನಾಳೆ ಒಸಿ ಹೆಚ್ಚುಕಮ್ಮಿ ಆದ್ರೆ ಜನ ಯಾರನ್ನ ಅಂತಾರೆ?" ಅಂದರು. ನೋಡಿ ಹೆಂಗಿದೆ! ಬೇಡ ಅನ್ನುವವರೂ ಇಲ್ಲ, ಬಾ ಅನ್ನುವವರೂ ಇಲ್ಲ.

ನಮ್ಮ ಕಡೆಯ ಧಾರೆ ನೋಡದವರಿಗೆ ಒಂದು ಮಾತು ಹೇಳಬೇಕು. ತಾಳಿ ಕಟ್ಟಿದ ಮೇಲೆ ಗಂಡು ಹೆಣ್ಣು ಕೈಗೆ ಕೈ ಸೇರಿಸಿ ತೆಂಗಿನಕಾಯಿ ಹಿಡಿದುಕೊಂಡು ನಿಲ್ಲುತ್ತಾರೆ. ಬಂದವರೆಲ್ಲ ಸಾಲಾಗಿ ಹತ್ತಿ, ಗಿಂಡಿಯಿಂದ ಆ ಕೈಗಳ ಮೇಲೆ ಹಾಲು ಎರೆಯುತ್ತಾರೆ. ನೆಂಟರು, ಪಕ್ಕದ ಊರಿನವರು, ಶಾಲೆಯ ಟೀಚರುಗಳು, ಬಸ್ಸಿನಲ್ಲಿ ಪರಿಚಯವಾದವರು ಕೂಡ. ಊರಿಗೆ ಊರೇ ಎರೆಯುವ ಹಾಲು ಅದು. ಹೆತ್ತವಳೊಬ್ಬಳು ಬಿಟ್ಟು! ನನಗೆ ಉರಿದುಹೋಯಿತು.

ಕೊಟ್ಟಿಗೆಗೆ ಹೋಗಿ ಆ ತಾಯಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತೆ. ನಿಮ್ಮ ಮಗಳು ಒಂದೇ ಒಂದು ಫೋಟೋ ಕೇಳಿದ್ದಾಳೆ ಅಂತ ಹೇಳಿದೆ. ಅವರು ಕೆಚ್ಚಲು ಬಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಆ ಮಾತಾಡ್ಬ್ಯಾಡ ಕಣವ್ವ, ನಿನ್ ಕಾಲಿಗ್ ಬೀಳ್ತೀನಿ. ನನ್ ಕೈ ಸೋಕಿ ಆ ಮಕ್ಳಿಗೆ ಏನಾರ ಆದ್ರೆ ನಾನೆಂಗ್ ಬದುಕ್ಲಿ?"

ಯಾರಾದರೂ ತಡೆದಿದ್ದರೆ ಅವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ, ಅದು ನನಗೆ ಚೆನ್ನಾಗಿ ಬರುತ್ತದೆ. ಆದರೆ ಈಕೆಯನ್ನು ತಡೆದಿದ್ದು ಈಕೆಯದೇ ಭಯ. ಆ ಭಯವೂ ಮಗಳ ಮೇಲಿನ ಪ್ರೀತಿಯೇ ಅಂದಮೇಲೆ ಯಾರ ಜೊತೆ ಜಗಳ ಆಡಲಿ? ವಿಡಿಯೋ ತೆಗೆಯಲು ಮಾಗಡಿಯಿಂದ ಬಂದಿದ್ದ ನನ್ನ ಜೊತೆಗಾರರು, ಸುಮ್ನಿರಿ ಮೇಡಂ, ನಮಗ್ಯಾಕೆ ಊರ ಉಸಾಬರಿ, ಫೋಟೋ ತೆಗೆದು ಹೋಗೋಣ ಅಂದರು. ನಾನೂ ಹೂಂ ಅಂದೆ. ಆದರೆ ಹುಡುಗಿಗೆ ಕೊಟ್ಟ ಮಾತು ತಲೆಯಿಂದ ಹೋಗಲಿಲ್ಲ.

ಮದುವೆ ಕುದೂರಿನ ಕಲ್ಯಾಣ ಮಂಟಪದಲ್ಲಿ. ಬೆಳಗ್ಗೆ ಹಿಂಬಾಗಿಲ ಹತ್ತಿರ ಆಟೋದಿಂದ ಎರಡು ಹಾಲಿನ ಕ್ಯಾನು ಇಳಿದವು. ಇಳಿಸಿದವರು ಆ ತಾಯಿಯೇ. ಧಾರೆಗೆ ಪ್ಯಾಕೆಟ್ ಹಾಲು ಬೇಡ, ಮನೆ ಹಸುವಿನದೇ ಆಗಬೇಕು ಅಂತ ದೊಡ್ಡಪ್ಪ ಹಟ ಹಿಡಿದಿದ್ದರಂತೆ. ಕ್ಯಾನು ಒಳಗೆ ಕೊಟ್ಟು ಆಕೆ ಊಟದ ಮನೆಯ ಬಾಗಿಲಲ್ಲಿ ತಾಂಬೂಲದ ಚೀಲಗಳಿಗೆ ತೆಂಗಿನಕಾಯಿ ತುಂಬುತ್ತಾ ಕೂತರು. ಅಲ್ಲಿಂದ ಮಂಟಪ ಕಾಣುತ್ತಿರಲಿಲ್ಲ, ವಾಲಗ ಮಾತ್ರ ಕೇಳಿಸುತ್ತಿತ್ತು.

ಮುಹೂರ್ತ ಬಂತು. ದೊಡ್ಡಪ್ಪ ದೊಡ್ಡಮ್ಮ ಕನ್ಯಾದಾನ ಮಾಡಿದರು, ಗಟ್ಟಿಮೇಳ ಮೊಳಗಿತು, ತಾಳಿ ಕಟ್ಟಿದ್ದಾಯಿತು. ನನ್ನ ಕೆಲಸದಲ್ಲಿ ಒಂದು ಲೋಪವಿಲ್ಲ, ಎಲ್ಲ ಅಚ್ಚುಕಟ್ಟಾಗಿ ಸೆರೆಯಾಯಿತು. ಆಮೇಲೆ ಹಾಲಿನ ಸಾಲು ಶುರು. ಜನ ಹತ್ತುತ್ತಿದ್ದಾರೆ, ಎರೆಯುತ್ತಿದ್ದಾರೆ, ಇಳಿಯುತ್ತಿದ್ದಾರೆ. ಮದುಮಗಳು ಪ್ರತಿಯೊಬ್ಬರಿಗೂ ನಗುತ್ತಾಳೆ, ನಕ್ಕು ಮುಗಿದ ಕೂಡಲೇ ಅವಳ ಕಣ್ಣು ಊಟದ ಮನೆಯ ಕಡೆಗೆ ಹೋಗಿ ನನ್ನ ಕಡೆಗೆ ಬರುತ್ತದೆ. ನಾನು ಕ್ಯಾಮೆರಾದ ಹಿಂದೆ ಮುಖ ಅಡಗಿಸಿಕೊಂಡೆ. ಅಷ್ಟರಲ್ಲಿ ಗಿಂಡಿ ಖಾಲಿಯಾಯಿತು. ದೊಡ್ಡಮ್ಮ ಕ್ಯಾನು ಬಗ್ಗಿಸಿ ತುಂಬಿಸಿದರು. ಆ ಬಿಳಿ ಹಾಲು ಬೀಳುವುದನ್ನು ಹತ್ತಿರದಿಂದ ತೆಗೆಯೋಣ ಅಂತ ಬಗ್ಗಿದೆ ನೋಡಿ, ಥಟ್ಟನೆ ಹೊಳೆಯಿತು!

ಅಯ್ಯೋ ದೇವರೇ, ಇಷ್ಟು ಸುಲಭದ ಮಾತು ಬೆಳಗ್ಗೆಯೇ ಯಾಕೆ ಹೊಳೆಯಲಿಲ್ಲ! ನನಗೆ ಗೊತ್ತಿದ್ದ ಒಂದೇ ಅಧಿಕಾರವನ್ನು ಚಲಾಯಿಸಿದೆ. ಯಾರೂ ಎರೆಯಬೇಡಿ, ಫ್ಲ್ಯಾಶ್ ಕೈಕೊಟ್ಟಿದೆ, ನಾನು ಬರುವವರೆಗೆ ಎಲ್ಲರೂ ಹಾಗೇ ಇರಿ ಅಂತ ಜೋರಾಗಿ ಹೇಳಿದೆ. ಫ್ಲ್ಯಾಶಿಗೆ ಏನೂ ಆಗಿರಲಿಲ್ಲ. ಆದರೂ ಇಡೀ ಮಂಟಪ ನಿಂತಿತು. ಗಿಂಡಿ ಹಿಡಿದ ಅಜ್ಜಿ ಗಿಂಡಿ ಎತ್ತಿಕೊಂಡೇ ನಿಂತರು, ಪುರೋಹಿತರು ಬಾಯಿ ಮುಚ್ಚಿದರು, ಮದುಮಕ್ಕಳು ತೆಂಗಿನಕಾಯಿ ಎತ್ತಿ ಹಿಡಿದುಕೊಂಡೇ ಇದ್ದರು. ನಾನು ಸೀರೆ ಎತ್ತಿ ಕಟ್ಟಿ, ಕತ್ತಿನಲ್ಲಿ ಕ್ಯಾಮೆರಾ ಓಲಾಡಿಸಿಕೊಂಡು, ಕುರ್ಚಿಗಳ ಮಧ್ಯೆ ಓಡಿದೆ. ವಿಡಿಯೋದವರು ಬಾಯಿ ಬಿಟ್ಟುಕೊಂಡು ನೋಡಿದರು.

ಆ ತಾಯಿಯ ಮುಂದೆ ನಿಂತು ಏದುಸಿರು ಬಿಡುತ್ತಾ ಕೇಳಿದೆ, ಅಲ್ಲಿ ಎರೆಯುತ್ತಿರುವ ಹಾಲನ್ನು ಕರೆದವರು ಯಾರು ಅಂತ. ಆಕೆ ಗಾಬರಿಯಿಂದ, ನಾನೇ ಕಣವ್ವ, ಯಾಕೆ, ಒಡೆದೋಯ್ತಾ ಅಂದರು.

"ಒಡೆದಿಲ್ಲ. ಬೆಳಗಿಂದ ಅಷ್ಟೂ ಜನ ನಿಮ್ಮ ಕೈ ಸೋಕಿದ ಹಾಲನ್ನೇ ನಿಮ್ಮ ಮಗಳ ಮೇಲೆ ಎರೀತಾವ್ರೆ. ಸೋಕೋದು ಆಗೋಯ್ತು ಅವ್ವಾ. ಎರೆಯೋದೊಂದು ಬಾಕಿ ಐತೆ," ಅಂದೆ.

ಆಕೆ ಕೈಯಲ್ಲಿದ್ದ ತೆಂಗಿನಕಾಯಿಯನ್ನು ನೋಡಿದರು. ಆಮೇಲೆ ತಮ್ಮ ಕೈಯನ್ನು ತಿರುಗಿಸಿ ಅಂಗೈ ನೋಡಿಕೊಂಡರು. ನಾನು ಇನ್ನು ಕಾಯಲಿಲ್ಲ, ಆ ಕೈಯನ್ನು ಹಿಡಿದು ಎಬ್ಬಿಸಿದೆ. ಆಕೆ ಎದ್ದರು!

ನಾವಿಬ್ಬರೂ ಕುರ್ಚಿಗಳ ಸಾಲು ದಾಟಿ ಬರುವಾಗ ಕೂತಿದ್ದವರೆಲ್ಲ ಕತ್ತು ತಿರುಗಿಸಿ ನೋಡಿದರು. ಮಂಟಪದ ಮೆಟ್ಟಿಲ ಹತ್ತಿರ ಆಕೆಯ ಕಾಲುಗಳು ನಿಂತವು. ದೊಡ್ಡಪ್ಪ ಮುಂದೆ ಬಂದು, ಫೋಟೋದವರು ಫೋಟೋ ನೋಡಿಕೊಳ್ಳಬೇಕು ಕಣಮ್ಮ ಅಂತ ತಗ್ಗಿದ ದನಿಯಲ್ಲಿ ಹೇಳಿದರು. ಇನ್ನು ಈ ಸುತ್ತಮುತ್ತ ನನ್ನನ್ನು ಯಾರೂ ಮದುವೆಗೆ ಕರೆಯುವುದಿಲ್ಲ ಅಂತ ಆಗಲೇ ತಿಳಿದುಹೋಯಿತು. ಹೋದರೆ ಹೋಗಲಿ ಅಂದುಕೊಂಡೆ. ಬೆಳಗ್ಗೆಯಿಂದ ನಾನು ಹೇಳಿದ ಹಾಗೆಲ್ಲ ನಿಂತಿದ್ದೀರಿ, ಇದನ್ನೂ ನಾನು ಹೇಳಿದ ಪೋಸು ಅಂತಲೇ ಅಂದುಕೊಳ್ಳಿ, ಏನಾದರೂ ಆದರೆ ಊರು ನನ್ನನ್ನೇ ಬೈಯಲಿ ಅಂದೆ. ಅವರು ನನ್ನ ಮುಖ ನೋಡಿದರು, ತಮ್ಮನ ಹೆಂಡತಿಯ ಮುಖ ನೋಡಿದರು. ಬೈಸಿಕೊಳ್ಳಲು ಬೇರೆ ಯಾರೋ ಸಿಕ್ಕಿದ್ದು ಅವರಿಗೂ ನಿರಾಳವಾಯಿತೋ ಏನೋ, ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

ಆಗ ಮದುಮಗ ಬಾಯಿ ಬಿಟ್ಟ. ಅಲ್ಲಿಯವರೆಗೆ ಅವನ ದನಿಯನ್ನೇ ನಾನು ಕೇಳಿರಲಿಲ್ಲ.

"ಬೇಗ್ ಬನ್ನಿ ಅತ್ತೆ, ಕಾಯಿ ಹಿಡ್ದು ಕೈ ನೋಯ್ತಾ ಐತೆ."

ಮಂಟಪವೆಲ್ಲ ಗೊಳ್ಳೆಂದು ನಕ್ಕಿತು. ಎಂಥ ಬಂಗಾರದಂಥ ಹುಡುಗ! ಆ ನಗುವಿನಲ್ಲೇ ತಾಯಿ ಮೆಟ್ಟಿಲು ಹತ್ತಿದರು. ಅಜ್ಜಿ ತಾವಾಗಿಯೇ ಗಿಂಡಿಯನ್ನು ಆಕೆಯ ಕೈಗೆ ಇಟ್ಟರು. ಆಕೆಯ ಕೈ ಎಷ್ಟು ನಡುಗುತ್ತಿತ್ತೆಂದರೆ ಹಾಲು ಗಿಂಡಿಯ ಅಂಚಿನಿಂದ ತುಳುಕಿ ಸೀರೆಯ ಮೇಲೆಲ್ಲ ಬಿತ್ತು. ಗಿಂಡಿಯೇ ಕೈಜಾರಿ ಬಿದ್ದುಬಿಟ್ಟರೆ? ಅಷ್ಟು ಜನರೆದುರು ಅದು ಬಿದ್ದರೆ ಆಕೆ ಈ ಜನ್ಮದಲ್ಲಿ ಇನ್ನೊಂದು ಮಂಟಪ ಹತ್ತುವುದಿಲ್ಲ. ನಾನು ಯೋಚನೆಯೇ ಮಾಡಲಿಲ್ಲ. ಕ್ಯಾಮೆರಾವನ್ನು ಕತ್ತಿನಲ್ಲಿ ಹಾಗೇ ಬಿಟ್ಟು, ಎರಡೂ ಕೈಯಿಂದ ಆಕೆಯ ಮೊಣಕೈ ಹಿಡಿದುಕೊಂಡೆ. ನಡುಕ ನನ್ನ ಭುಜದವರೆಗೂ ಬಂತು. ಮೆಲ್ಲಗೆ ಗಿಂಡಿ ಬಗ್ಗಿತು. ಹಾಲು ಒಂದೇ ಎಳೆಯಾಗಿ ಮಗಳ ಕೈ ಮೇಲೆ ಬಿತ್ತು, ಅಳಿಯನ ಕೈ ಮೇಲೆ ಬಿತ್ತು. ಮದುಮಗಳು ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಕ್ಕಿಲ್ಲ. ಯಾರೂ ಹೇಳದಿದ್ದರೂ ವಾಲಗದವರು ಮತ್ತೊಮ್ಮೆ ಗಟ್ಟಿಮೇಳ ಬಾರಿಸಿಬಿಟ್ಟರು. ನನ್ನ ಸಂತೋಷಕ್ಕೆ ಪಾರವೇ ಇರಲಿಲ್ಲ!

ಆಕೆ ಇಳಿದುಹೋಗಿ, ದೊಡ್ಡಮ್ಮ ಆಕೆಯನ್ನು ಮೊದಲ ಸಾಲಿನ ಕುರ್ಚಿಯಲ್ಲಿ ಕೂರಿಸಿದ ಮೇಲೆ ನನ್ನ ಕೈ ಕ್ಯಾಮೆರಾದ ಮೇಲೆ ಹೋಯಿತು. ಆಗ ಗೊತ್ತಾಯಿತು. ಫೋಟೋ ತೆಗೆದೇ ಇಲ್ಲ.

ಬೇರೆ ದಿನವಾಗಿದ್ದರೆ ಇದು ಒಂದು ಸಮಸ್ಯೆಯೇ ಅಲ್ಲ. ಇನ್ನೊಂದ್ಸಲ ಅಂದರೆ ಮುಗಿಯಿತು, ಇನ್ನೊಂದ್ಸಲ ಎರೆಯುತ್ತಾರೆ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಕೆಯ ಕಡೆ ನೋಡಿದೆ. ಸೆರಗಿನಿಂದ ಮುಖ ಒರೆಸಿಕೊಂಡು, ಮೊದಲ ಬಾರಿಗೆ ತಲೆಯೆತ್ತಿ ಮಂಟಪ ನೋಡುತ್ತಿದ್ದರು. ಅಷ್ಟು ಧೈರ್ಯ ಕೂಡಿಸಿಕೊಂಡು ಮಾಡಿದ ಕೆಲಸವನ್ನು ನನ್ನ ಕ್ಯಾಮೆರಾಗೋಸ್ಕರ ಮತ್ತೆ ಮಾಡಿ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಸಾಲಿನಲ್ಲಿದ್ದ ಮುಂದಿನವರನ್ನು ಕರೆದೆ.

ವಿಡಿಯೋ ಇದೆಯಲ್ಲ ಅನ್ನುವ ಧೈರ್ಯ ಇತ್ತು. ಮರುದಿನ ಅದನ್ನು ಹಾಕಿ ನೋಡಿದರೆ, ತಾಯಿ ಹತ್ತಿದ್ದು ಇದೆ, ಇಳಿದದ್ದು ಇದೆ, ಎರೆದ ಅಷ್ಟೂ ಹೊತ್ತು ತೆರೆಯ ತುಂಬ ಇರುವುದು ನನ್ನ ಅಗಲವಾದ ಬೆನ್ನು! ಮೊಬೈಲಿನಲ್ಲಿ ತೆಗೆದವರನ್ನೆಲ್ಲ ಫೋನ್ ಮಾಡಿ ಕೇಳಿದೆ. ಎಲ್ಲರ ಹತ್ತಿರವೂ ಅದೇ ಬೆನ್ನು. ಮಾಗಡಿಯ ಜೊತೆಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ, ಆ ಹುಡುಗಿ ಕೇಳಿದ್ದು ಅದೊಂದನ್ನೇ.

ಮೂರು ವಾರದ ಮೇಲೆ ಅವರು ಆಲ್ಬಮ್ಮಿಗೆ ಫೋಟೋ ಆರಿಸಲು ಬಂದರು. ಹುಡುಗಿ, ಅವಳ ಗಂಡ, ಜೊತೆಗೆ ತಾಯಿ. ಈ ಸಲ ತಾಯಿ ಮೆಟ್ಟಿಲ ಮೇಲೆ ಕೂರದೆ ಒಳಗೇ ಬಂದು, ನನಗೆ ಅಂತ ತಂದಿದ್ದ ಒಂದು ಬಾಟಲಿ ಹಾಲನ್ನು ಮೇಜಿನ ಮೇಲಿಟ್ಟರು. ಹುಡುಗಿ ಕಂಪ್ಯೂಟರಿನ ಮುಂದೆ ಕೂತು ಸರಸರನೆ ಮುಂದಕ್ಕೆ ತಳ್ಳುತ್ತಾ ಹೋದಳು. ಹಾಲಿನ ಸಾಲು ಬಂತು, ಹೋಯಿತು. ಹಿಂದಕ್ಕೆ ಬಂದಳು. ಮತ್ತೆ ಮುಂದಕ್ಕೆ ಹೋದಳು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಾನು ತೆಗೆಯಲಿಲ್ಲ, ನಿಮ್ಮಮ್ಮನ ಕೈ ಹಿಡಿದುಕೊಂಡಿದ್ದೆ, ನನ್ನದೇ ತಪ್ಪು ಅಂದೆ.

ಅವಳು ದೊಡ್ಡ ಮನಸ್ಸು ಮಾಡಿ ಪರವಾಗಿಲ್ಲ ಅನ್ನುತ್ತಾಳೆ ಅಂತ ನೀವು ಅಂದುಕೊಂಡರೆ ಇಲ್ಲ, ಅನ್ನಲಿಲ್ಲ. ಮುಖ ಕೆಂಪಾಯಿತು. ಒಂದೇ ಒಂದು ಕೇಳಿದ್ದೆ ಅಕ್ಕಾ, ಅದೊಂದನ್ನ ಬಿಟ್ಟು ಊರಿಗೆಲ್ಲ ತೆಗೆದಿದ್ದೀರಲ್ಲ ಅಂದಳು, ಕಣ್ಣು ತುಂಬಿಕೊಂಡಳು. ಗಂಡ ಸಮಾಧಾನ ಮಾಡಲು ಹೋದರೆ ಅವನ ಕೈಯನ್ನೂ ತಳ್ಳಿದಳು. ನಾನು ತಲೆ ತಗ್ಗಿಸಿ ನಿಂತೆ. ಬೇರೆಯವರನ್ನು ಬೈದು ರೂಢಿಯಿದ್ದವಳಿಗೆ ಬೈಸಿಕೊಳ್ಳುವುದು ಎಷ್ಟು ಕಷ್ಟ ಅಂತ ಅವತ್ತು ತಿಳಿಯಿತು.

ತಾಯಿ ಮಾತ್ರ ನಮ್ಮ ಕಡೆ ನೋಡುತ್ತಲೇ ಇರಲಿಲ್ಲ. ಸ್ಟುಡಿಯೋದ ಸುತ್ತ ಏನನ್ನೋ ಹುಡುಕುತ್ತಿದ್ದರು. ಮೂಲೆಯಲ್ಲಿದ್ದ ಖಾಲಿ ಬಕೆಟ್ಟನ್ನು ಎತ್ತಿಕೊಂಡು ಬಂದು, ಪಾಸ್‌ಪೋರ್ಟ್ ಫೋಟೋಗೆ ಜನರನ್ನು ಕೂರಿಸುವ ಬಿಳಿ ಪರದೆಯ ಮುಂದೆ ಇಟ್ಟರು. ಮಗಳನ್ನು ರಟ್ಟೆ ಹಿಡಿದು ಎಬ್ಬಿಸಿ ಅಲ್ಲಿ ನಿಲ್ಲಿಸಿದರು, ಅಳಿಯನನ್ನು ಪಕ್ಕಕ್ಕೆ ಕರೆದರು, ಇಬ್ಬರ ಕೈಯನ್ನೂ ತಾವೇ ಜೋಡಿಸಿದರು. ಹುಡುಗಿ, ಅಮ್ಮಾ ಏನು ಮಾಡ್ತಿದ್ದೀಯ ಅಂತ ಅಳುವಿನ ನಡುವೆಯೇ ಕೇಳಿದಳು. ಆಕೆ ಬಾಟಲಿಯ ಮುಚ್ಚಳ ತಿರುಗಿಸಿದರು. ನಾನು ಎದ್ದುಬಿದ್ದು ಲೈಟು ಹಾಕಿದೆ, ಕ್ಯಾಮೆರಾ ಕೈಗೆತ್ತಿಕೊಂಡೆ, ಕಣ್ಣು ಮಂಜಾಗಿ ಏನೂ ಕಾಣದೆ ತೋಳಿನಿಂದ ಒರೆಸಿಕೊಂಡೆ.

ಆಕೆ ಬಾಟಲಿ ಬಗ್ಗಿಸಿದರು. ಈ ಸಲ ಕೈ ನಡುಗಲಿಲ್ಲ, ಸೀರೆಯ ಮೇಲೆ ಒಂದು ಹನಿ ಬೀಳಲಿಲ್ಲ. ನಾನು ಮೇಲಿಂದ ಮೇಲೆ ಒತ್ತುತ್ತಲೇ ಹೋದೆ. ಅರ್ಧ ಬಾಟಲಿ ಆದಾಗ ಆಕೆ ಎರೆಯುವುದನ್ನು ನಿಲ್ಲಿಸಿ, ನನ್ನ ಕಡೆಗೆ ತಿರುಗಿ ಕೇಳಿದರು.

"ನನ್ ಕೈ ಸರಿಯಾಗ್ ಕಾಣ್ತದೇನವ್ವ? ಇಲ್ದಿದ್ರೆ ಹೇಳು, ಹಾಲು ಇನ್ನೂ ಐತೆ."